ಪದ್ಮಿನಿಯ ಇಟಲಿಯ ಅಕ್ಕ

ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದ ಸಂಗ್ರಹದಲ್ಲಿ ಪಿಕಾಸೊ, ಮಾತೀಸ್ ಮುಂತಾದವರ ಕೃತಿಗಳ ಜತೆಗೆ ಕೆಂಪು ಬಣ್ಣದ ಒಂದು ಪುಟ್ಟ ಕಾರೂ ಉಂಟು. ಅದರ ಹೆಸರು ಚಿಸಿತಾಲಿಯಾ 202. ಇಬ್ಬರು ಕೂರುವ ಈ ಕಾರು ಎರಡನೇ ಮಹಾಯುದ್ಧದ ಬೆನ್ನಿಗೇ ಇಟಲಿಯ ಟ್ಯೂರಿನ್ ನಗರದಲ್ಲಿ ಹುಟ್ಟಿತು. ಮೋಟಾರು ಕಾರಿನ ರೂಪದ ಇತಿಹಾಸ ಬರೆಯುವವರು ಇದರ ಹೆಸರು ಹೇಳದೆ ಮುಂದೆ ಹೋಗುವುದಿಲ್ಲ.

ಈ ಕಾರಿನ ಬಾನೆಟ್ ಎತ್ತಿ ನೋಡಿದರೆ ಕಾಣುವುದು ನಾಲ್ಕು ಸಿಲಿಂಡರಿನ 1089 ಸಿ.ಸಿ. ಎಂಜಿನ್. ಸಿಲಿಂಡರಿನ ಅಗಲ 68 ಮಿ.ಮೀ., ಪಿಸ್ಟನ್ ಚಲಿಸುವ ದೂರ 75 ಮಿ.ಮೀ. ಬಾಗಲಕೋಟೆಯಲ್ಲೋ ಇಳಕಲ್ಲಿನಲ್ಲೋ ಹಳೆಯ ಗ್ಯಾರೇಜಿನ ಮಿಸ್ತ್ರಿಯೊಬ್ಬರ ಮುಂದೆ ಈ ಅಂಕಿಗಳನ್ನು ಹೇಳಿದರೆ ಅವರು ಸಂಗ್ರಹಾಲಯದ ಮಾತು ಎತ್ತುವುದಿಲ್ಲ. 'ಇದು ನಮ್ಮ ಫಿಯೆಟ್ ಗಾಡಿ' ಎಂದುಬಿಡುತ್ತಾರೆ. ಅವರ ಮಾತು ತಪ್ಪಲ್ಲ. ಪ್ರೀಮಿಯರ್ ಪದ್ಮಿನಿಯ ಎಂಜಿನ್ನಿನ ಅಳತೆಯೂ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲದೆ ಇಷ್ಟೇ. ಮದುವೆ ದಿಬ್ಬಣಕ್ಕೆ, ಆಸ್ಪತ್ರೆಗೆ, ಬನಶಂಕರಿ ಜಾತ್ರೆಗೆ ಜನರನ್ನು ಹೊತ್ತು ತಿರುಗಿದ ಕಾರೂ, ಕಲಾಕೃತಿಗಳ ಸಾಲಿಗೆ ಸೇರಿದ ಆ ಕಾರೂ ಒಂದೇ ಮನೆತನದವು. ಒಂದು ಸಂಗ್ರಹಾಲಯ ಸೇರಿತು, ಇನ್ನೊಂದು ಗುಜರಿ ಅಂಗಡಿ ಸೇರಿತು. ಹೀಗೇಕಾಯಿತು ಎಂಬುದರಲ್ಲಿ ಎರಡು ದೇಶಗಳ ಕೈಗಾರಿಕೆಯ ಕಥೆಯೇ ಅಡಗಿದೆ.

ಹೆಸರಿನ ಹಿಂದೆ ಏನಿದೆ?

ಇಂದು ಕಾರುಗಳ ಹಿಂಬದಿಯಲ್ಲಿ ಧಾರಾಳವಾಗಿ ಅಂಟಿಸುವ 'ಜಿ.ಟಿ.' ಎಂಬ ಎರಡಕ್ಷರ ಮೂಲತಃ ಇಟಲಿಯದು. 'ಗ್ರಾನ್ ಟುರಿಸ್ಮೊ' ಎಂದರೆ ದೀರ್ಘ ಪ್ರವಾಸ. ಪಂದ್ಯದ ಕಾರಿನಂತೆ ವೇಗವಾಗಿ ಓಡಬೇಕು. ಆದರೆ ಪಂದ್ಯದ ಕಾರಿನಂತೆ ಮೈಕೈ ನೋಯಿಸಬಾರದು. ಮಳೆ ಬಂದರೆ ತಲೆಯ ಮೇಲೆ ಸೂರು ಇರಬೇಕು, ಇಬ್ಬರ ಪೆಟ್ಟಿಗೆಗಳಿಗೆ ಜಾಗವಿರಬೇಕು. ಬೆಳಿಗ್ಗೆ ಮಿಲಾನ್ ಬಿಟ್ಟು ಸಂಜೆಗೆ ರೋಮ್ ಸೇರಿದಾಗ ಇಳಿದವರು ನೆಟ್ಟಗೆ ನಡೆಯುವಂತಿರಬೇಕು. ಇಂಥ ಕಾರಿಗೆ ಇಟಲಿಯವರು ಇಟ್ಟ ಹೆಸರು ಅದು. ಲಾಂಚಿಯಾ, ಆಲ್ಫಾ ರೋಮಿಯೊ, ಮಾಸೆರಾಟಿ, ಫೆರಾರಿ ಇವೆಲ್ಲ ಈ ಹಾದಿಯಲ್ಲಿ ಹೆಸರು ಮಾಡಿದ ಸಂಸ್ಥೆಗಳು.

ಈ ಕಾರುಗಳೆಲ್ಲ ಶ್ರೀಮಂತರಿಗಾಗಿಯೇ ಹುಟ್ಟಿದವು ನಿಜ. ಆದರೆ ಅವುಗಳಲ್ಲಿ ಹಲವಕ್ಕೆ ಪ್ರಾಣ ಕೊಟ್ಟದ್ದು ಸಾಮಾನ್ಯ ಜನರ ಕಾರಿನ ಎಂಜಿನ್ ಎಂಬುದು ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. ಆ ಎಂಜಿನ್ ಫಿಯೆಟ್ 1100ರದು.

ಜಾಕೋಸಾ ರೂಪಿಸಿದ ಎಂಜಿನ್

1905ರಲ್ಲಿ ಹುಟ್ಟಿದ ದಾಂತೆ ಜಾಕೋಸಾ ಫಿಯೆಟ್ ಸಂಸ್ಥೆಯ ಎಂಜಿನಿಯರ್. 1936ರಲ್ಲಿ 'ಟೊಪೊಲಿನೊ', ಅಂದರೆ ಪುಟ್ಟ ಇಲಿ, ಎಂದು ಇಟಲಿಯ ಜನ ಮುದ್ದಿನಿಂದ ಕರೆದ ಫಿಯೆಟ್ 500 ಕಾರು ಅವರ ಕೈಯಿಂದ ಬಂತು. ಮರುವರ್ಷವೇ, 1937ರಲ್ಲಿ, ಫಿಯೆಟ್ 508 ಸಿ ಬಂತು. ಮುಂದೆ 1100 ಎಂಬ ಹೆಸರು ಪಡೆದ ಕಾರು ಇದೇ. ಇದರ ಎಂಜಿನ್ 32 ಅಶ್ವಶಕ್ತಿಯದು. ವಾಲ್ವುಗಳನ್ನು ಸಿಲಿಂಡರಿನ ತಲೆಯ ಮೇಲೆ ಕೂರಿಸಿದ್ದರಿಂದ ಅದೇ ಗಾತ್ರದ ಬೇರೆ ಎಂಜಿನ್ನುಗಳಿಗಿಂತ ಇದು ಚೆನ್ನಾಗಿ ಉಸಿರಾಡುತ್ತಿತ್ತು. ಪೆಟ್ರೋಲು ಕಡಿಮೆ ಕುಡಿಯುತ್ತಿತ್ತು, ಹೊಡೆತ ತಾಳುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಅದರ ಬಿಡಿಭಾಗಗಳು ಇಟಲಿಯ ಊರೂರಿನಲ್ಲಿ ಸಿಗುತ್ತಿದ್ದವು.

ಇದರ ಗುಣವನ್ನು ಬೇಗ ಗುರುತಿಸಿದವರಲ್ಲಿ ಎನ್ಜೊ ಫೆರಾರಿ ಒಬ್ಬರು. ಆಲ್ಫಾ ರೋಮಿಯೊ ಸಂಸ್ಥೆಯಿಂದ ಹೊರಬಂದಾಗ, ನಾಲ್ಕು ವರ್ಷ ತಮ್ಮ ಹೆಸರಿನಲ್ಲಿ ಪಂದ್ಯಕ್ಕೆ ಇಳಿಯುವಂತಿಲ್ಲ ಎಂಬ ಕರಾರಿಗೆ ಅವರು ಒಳಪಟ್ಟಿದ್ದರು. ಹಾಗಾಗಿ 1940ರಲ್ಲಿ ಅವರ ಕಾರ್ಖಾನೆ ತಯಾರಿಸಿದ ಮೊದಲ ಕಾರಿಗೆ ಫೆರಾರಿ ಎಂಬ ಹೆಸರಿಲ್ಲ. ಅದನ್ನು ಬರೀ '815' ಎಂದು ಕರೆದರು. ಎಂಟು ಸಿಲಿಂಡರು, ಒಂದೂವರೆ ಲೀಟರು ಎಂಬುದು ಆ ಅಂಕಿಯ ಅರ್ಥ. ಅದರ ಎಂಟು ಸಿಲಿಂಡರಿನ ಎಂಜಿನ್ ಫಿಯೆಟ್ 1100ರ ಭಾಗಗಳನ್ನು ಆಧರಿಸಿತ್ತು. ಎರಡು ಫಿಯೆಟ್ ಎಂಜಿನ್ನುಗಳ ತಲೆಗಳನ್ನು ಒಂದರ ಮುಂದೊಂದು ಜೋಡಿಸಲಾಗಿತ್ತು. ಆ ವರ್ಷದ ಮಿಲ್ಲೆ ಮಿಲ್ಯಾ ಪಂದ್ಯದಲ್ಲಿ ಓಡಿದ ಅಂಥ ಎರಡೂ ಕಾರುಗಳು ಗುರಿ ಮುಟ್ಟಲಿಲ್ಲ. ಆದರೂ ಜಗತ್ತಿನ ಅತ್ಯಂತ ದುಬಾರಿ ಕಾರುಗಳ ಮನೆತನಕ್ಕೆ ಮೊದಲ ಹೆಜ್ಜೆಯಲ್ಲಿ ಹೆಗಲು ಕೊಟ್ಟದ್ದು ಜನಸಾಮಾನ್ಯರ ಫಿಯೆಟ್ ಎಂಬುದು ದಾಖಲೆಯಾಗಿ ಉಳಿಯಿತು.

ಯುದ್ಧ ಮುಗಿದ ಟ್ಯೂರಿನ್

1945ರಲ್ಲಿ ಯುದ್ಧ ಮುಗಿದಾಗ ಟ್ಯೂರಿನ್ ನಗರ ಬಾಂಬ್ ದಾಳಿಗೆ ಜರ್ಜರಿತವಾಗಿತ್ತು. ಉಕ್ಕಿಗೆ ಬರ, ಪೆಟ್ರೋಲಿಗೆ ಬರ. ಅಂಥ ಹೊತ್ತಿನಲ್ಲಿ ಪಂದ್ಯದ ಕಾರು ಕಟ್ಟುವ ಹುಚ್ಚು ಹಿಡಿದದ್ದು ಪಿಯೆರೊ ದುಸಿಯೊ ಎಂಬ ಉದ್ಯಮಿಗೆ. ಹರೆಯದಲ್ಲಿ ಯುವೆಂಟಸ್ ಫುಟ್‌ಬಾಲ್ ತಂಡದಲ್ಲಿ ಆಡಿದ್ದ ಅವರು ಮುಂದೆ ಜವಳಿ ವ್ಯಾಪಾರದಲ್ಲಿ ಹಣ ಗಳಿಸಿ ಅದೇ ಕ್ಲಬ್ಬಿನ ಅಧ್ಯಕ್ಷರೂ ಆದರು. ಅವರು ಕಟ್ಟಿದ ಸಂಸ್ಥೆಯೇ ಚಿಸಿತಾಲಿಯಾ. ಕೈಗಾರಿಕೆ, ಕ್ರೀಡೆ, ಇಟಲಿ ಎಂಬ ಅರ್ಥದ ಇಟಾಲಿಯನ್ ಮಾತುಗಳನ್ನು ಕತ್ತರಿಸಿ ಜೋಡಿಸಿದ ಹೆಸರು ಅದು.

ದುಸಿಯೊ ನೆರವು ಕೇಳಿದ್ದು ಫಿಯೆಟ್ಟಿನ ಜಾಕೋಸಾ ಅವರನ್ನು. ಜಾಕೋಸಾ ರೂಪಿಸಿದ ಪುಟ್ಟ ಪಂದ್ಯದ ಕಾರಿನ ಹೆಸರು ಡಿ 46. ಸೈಕಲ್ಲಿನ ಚೌಕಟ್ಟಿನಂತೆ ತೆಳು ಉಕ್ಕಿನ ಕೊಳವೆಗಳನ್ನು ಬೆಸೆದು ಮೈಯ ಎಲುಬುಗೂಡು ಮಾಡಿದರು. ಕೊಳವೆ ಟೊಳ್ಳಾದ್ದರಿಂದ ಹಗುರ. ತ್ರಿಕೋನಗಳಾಗಿ ಬೆಸೆದದ್ದರಿಂದ ಬಲ. ಅದರೊಳಗೆ ಕೂರಿಸಿದ್ದು 1100ರ ಎಂಜಿನ್ನನ್ನೇ. 1946ರ ಸೆಪ್ಟೆಂಬರಿನಲ್ಲಿ ಟ್ಯೂರಿನ್ನಿನಲ್ಲೇ ನಡೆದ ಪಂದ್ಯದಲ್ಲಿ ಇಂಥ ಏಳು ಕಾರುಗಳು ಓಡಿದವು. ಇಟಲಿಯ ಜನ ದೇವರಂತೆ ಕಾಣುತ್ತಿದ್ದ ಚಾಲಕ ತಾತ್ಸಿಯೊ ನುವೊಲಾರಿ ಅಂದು ಇನ್ನೂ ಓಡಿಸುತ್ತಿದ್ದಂತೆಯೇ ಸ್ಟೀರಿಂಗ್ ಚಕ್ರ ಕಳಚಿ ಕೈಗೆ ಬಂತು. ಅವರು ಅದನ್ನು ಒಂದು ಕೈಯಲ್ಲಿ ಎತ್ತಿ ತೋರಿಸುತ್ತ, ಇನ್ನೊಂದು ಕೈಯಲ್ಲಿ ಬರಿಯ ಕಂಬಿ ಹಿಡಿದು ಕಾರು ನಡೆಸಿದರು. ಆ ಪಂದ್ಯ ಗೆದ್ದವರು ಸ್ವತಃ ದುಸಿಯೊ.

ಪಂದ್ಯದ ಕಾರಿನ ಯಶಸ್ಸೇ ರಸ್ತೆಯ ಕಾರಿಗೆ ದಾರಿಯಾಯಿತು. ಅದೇ 202. ಜಾಕೋಸಾ ಆರಂಭಿಸಿದ ಕೆಲಸವನ್ನು ಜೊವಾನಿ ಸವೊನುತ್ಸಿ ಎಂಬ ಎಂಜಿನಿಯರ್ ಮುಂದುವರಿಸಿದರು. 1947ರ ಮಿಲ್ಲೆ ಮಿಲ್ಯಾದಲ್ಲಿ, ಅಂದರೆ ಬ್ರೆಶಿಯಾದಿಂದ ರೋಮಿಗೆ ಹೋಗಿ ಮರಳುವ 'ಸಾವಿರ ಮೈಲಿ'ಯ ಓಟದಲ್ಲಿ, 54 ವರ್ಷದ ನುವೊಲಾರಿ ತೆರೆದ ಮೈಯ 202ರಲ್ಲಿ ಬಹು ದೂರದವರೆಗೆ ಎಲ್ಲರಿಗಿಂತ ಮುಂದಿದ್ದರು. ಕೊನೆಗೆ ಸುರಿದ ಭಾರಿ ಮಳೆಗೆ ಎಂಜಿನ್ನಿಗೆ ನೀರು ಸೇರಿ ಹೊತ್ತು ಹೋಯಿತು. ಗೆದ್ದದ್ದು 2.9 ಲೀಟರಿನ ಆಲ್ಫಾ ರೋಮಿಯೊ. ಆದರೆ ಎರಡು, ಮೂರು, ನಾಲ್ಕನೇ ಸ್ಥಾನಗಳು ಚಿಸಿತಾಲಿಯಾದ ಪಾಲಾದವು. ಗೆದ್ದ ಕಾರಿನ ಎಂಜಿನ್ನಿನ ಅರ್ಧಕ್ಕೂ ಕಡಿಮೆ ಗಾತ್ರದ ಎಂಜಿನ್ ಮಾಡಿದ ಸಾಧನೆ ಇದು.

ಬಡಿದು ಮಾಡಿದ ಮೈ

202ಕ್ಕೆ ಶಾಶ್ವತ ಕೀರ್ತಿ ತಂದದ್ದು ಪಂದ್ಯವಲ್ಲ, ಮುಚ್ಚಿದ ಮೈಯ ಮಾದರಿಯ ರೂಪ. ಅದನ್ನು ಮಾಡಿದವರು ಬತಿಸ್ತಾ ಫಾರಿನಾ. ಮನೆಯ ಕಿರಿಯವನೆಂದು 'ಪಿನಿನ್' ಎಂಬ ಅಡ್ಡಹೆಸರು ಹೊತ್ತ ಇವರು 1930ರಲ್ಲಿ ಕಾರಿನ ಮೈ ಕಟ್ಟುವ ಸ್ವಂತ ಕಾರ್ಖಾನೆ ತೆರೆದರು. 1961ರಲ್ಲಿ ಅಡ್ಡಹೆಸರೂ ಮನೆತನದ ಹೆಸರೂ ಕೂಡಿ 'ಪಿನಿನ್‌ಫಾರಿನಾ' ಎಂಬ ಒಂದೇ ಹೆಸರಾಯಿತು.

ಅಂದಿನ ಇಟಲಿಯಲ್ಲಿ ಕಾರಿನ ಎಂಜಿನ್ ಮತ್ತು ಚೌಕಟ್ಟು ಒಂದು ಕಾರ್ಖಾನೆಯಲ್ಲಿ, ಮೈ ಇನ್ನೊಂದು ಕಾರ್ಖಾನೆಯಲ್ಲಿ ತಯಾರಾಗುವುದು ರೂಢಿ. ಇಳಕಲ್ ಸೀರೆಯ ಒಡಲನ್ನೂ ಸೆರಗನ್ನೂ ಬೇರೆ ಬೇರೆ ಹಾಸಿನಲ್ಲಿ ಸಿದ್ಧಮಾಡಿ, ಕೊಂಡಿ ಹಾಕಿ ಕೂಡಿಸುವುದನ್ನು ಬಲ್ಲವರಿಗೆ ಈ ಪದ್ಧತಿ ಹೊಸದೆನಿಸದು. ಎರಡೂ ಕೂಡುವ ಜಾಗ ಕಣ್ಣಿಗೆ ಒಡೆದು ಕಾಣದಂತಿರುವುದೇ ಕಸುಬಿನ ಹೆಚ್ಚಳ. ಟ್ಯೂರಿನ್ನಿನ ಕಸುಬುದಾರರು ಮರದ ಅಚ್ಚಿನ ಮೇಲೆ ಅಲ್ಯುಮಿನಿಯಂ ತಗಡನ್ನಿಟ್ಟು ಸುತ್ತಿಗೆಯಿಂದ ಬಡಿದು ಬಡಿದು ಮೈಯ ಆಕಾರ ತರುತ್ತಿದ್ದರು. ನಮ್ಮ ಕಂಚುಗಾರರು ಕೊಡ ಬಡಿಯುವ ರೀತಿಯೇ ಅದು.

ಅದುವರೆಗಿನ ಕಾರುಗಳನ್ನು ನೆನೆಸಿಕೊಂಡರೆ ಫಾರಿನಾ ಮಾಡಿದ್ದೇನೆಂಬುದು ತಿಳಿಯುತ್ತದೆ. ಆಗ ಬಾನೆಟ್ ಒಂದು ಪೆಟ್ಟಿಗೆ, ಮಡ್‌ಗಾರ್ಡುಗಳು ಬೇರೆ, ದೀಪಗಳು ಕಂಬದ ಮೇಲೆ ನಿಲ್ಲಿಸಿದಂತೆ ಬೇರೆ. ಒಂದೊಂದನ್ನೂ ತಂದು ಮೊಳೆ ಹೊಡೆದಂತೆ ಕಾರು ಕಾಣುತ್ತಿತ್ತು. ಫಾರಿನಾ ಇವೆಲ್ಲವನ್ನೂ ಒಂದೇ ಚರ್ಮದೊಳಗೆ ಸೇರಿಸಿದರು. ದೀಪಗಳು ಮೈಯೊಳಗೆ ಹುದುಗಿದವು. ಬಾನೆಟ್ಟನ್ನು ಮಡ್‌ಗಾರ್ಡುಗಳಿಗಿಂತ ಕೆಳಕ್ಕೆ ಇಳಿಸಿದರು. ಕಾರಿನ ಮೂತಿಯಿಂದ ಬಾಲದವರೆಗೆ ಕಣ್ಣು ಎಲ್ಲಿಯೂ ತಡೆಯದೆ ಜಾರಿಕೊಂಡು ಹೋಗುತ್ತದೆ. ಅಲಂಕಾರದ ಲೋಹದ ಪಟ್ಟಿಗಳು ಇಲ್ಲವೆಂದೇ ಹೇಳಬೇಕು.

ಚೆಲುವಿನ ಜತೆಗೆ ಇದರಿಂದ ಪ್ರಯೋಜನವೂ ಇತ್ತು. ವೇಗ ಹೆಚ್ಚಿದಂತೆ ಕಾರಿಗೆ ದೊಡ್ಡ ಶತ್ರು ಗಾಳಿ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ಆದ್ದರಿಂದ ಎಂಜಿನ್ನಿನ ಬಲವನ್ನು ಹೆಚ್ಚಿಸಿದಷ್ಟೇ ಲಾಭ ಗಾಳಿಯನ್ನು ಸಲೀಸಾಗಿ ಸೀಳುವ ಮೈಯಿಂದಲೂ ದೊರೆಯುತ್ತದೆ. ಎಂಜಿನ್ನಿನ ಬಲವನ್ನು ಅರವತ್ತು ಅಶ್ವಶಕ್ತಿಯ ಆಸುಪಾಸಿಗೆ ಏರಿಸಿ, ಕಾರಿನ ತೂಕವನ್ನು ಎಂಟು ಕ್ವಿಂಟಲಿನ ಒಳಗೆ ಇಟ್ಟು, ಗಂಟೆಗೆ ಸುಮಾರು 160 ಕಿ.ಮೀ. ವೇಗವನ್ನು 202 ಮುಟ್ಟಿತು.

1951ರಲ್ಲಿ ನ್ಯೂಯಾರ್ಕಿನ ಸಂಗ್ರಹಾಲಯ ಎಂಟು ಕಾರುಗಳ ಪ್ರದರ್ಶನವೊಂದನ್ನು ಏರ್ಪಡಿಸಿತು. ಕಾರುಗಳನ್ನು ಕಲೆಯ ದೃಷ್ಟಿಯಿಂದ ನೋಡಿದ ಆ ಪ್ರದರ್ಶನದಲ್ಲಿ ಬೆಂಟ್ಲಿ, ಮರ್ಸಿಡಿಸ್‌ಗಳ ಪಕ್ಕದಲ್ಲಿ ಚಿಸಿತಾಲಿಯಾ ನಿಂತಿತು. ಯುದ್ಧದ ಜೀಪು ಕೂಡ ಆ ಎಂಟರಲ್ಲಿ ಒಂದು. 1972ರಲ್ಲಿ ಪಿನಿನ್‌ಫಾರಿನಾ ಸಂಸ್ಥೆ ಕೊಡುಗೆಯಾಗಿ ನೀಡಿದ 202 ಆ ಸಂಗ್ರಹಾಲಯದ ಸ್ವತ್ತಾಯಿತು.

ಇಷ್ಟೆಲ್ಲ ಕೀರ್ತಿ ಬಂದರೂ ದುಸಿಯೊಗೆ ಉಳಿದದ್ದು ಸಾಲ. ಕೈಯಿಂದ ಬಡಿದು ಮಾಡುವ ಕಾರು ತಯಾರಾಗುವುದು ನಿಧಾನ, ಬೆಲೆ ವಿಪರೀತ. ತಯಾರಾದ 202ಗಳು ಸುಮಾರು 170 ಮಾತ್ರ. ಇದರ ನಡುವೆ ಪೋರ್ಷೆ ಸಂಸ್ಥೆಯಿಂದ ಹನ್ನೆರಡು ಸಿಲಿಂಡರಿನ ಪಂದ್ಯದ ಕಾರೊಂದನ್ನು ರೂಪಿಸಲು ಹೋಗಿ ಬಂಡವಾಳವೆಲ್ಲ ಕರಗಿತು. 1949ರ ಹೊತ್ತಿಗೆ ಸಂಸ್ಥೆ ದಿವಾಳಿಯ ಅಂಚಿಗೆ ಬಂತು. ದುಸಿಯೊ ದೂರದ ಅರ್ಜೆಂಟೀನಾದಲ್ಲಿ ಹೊಸ ಅದೃಷ್ಟ ಹುಡುಕಿದರು.

ಬೆಂಗಳೂರಿಗೆ ತಪ್ಪಿದ ಕಾರ್ಖಾನೆ

ಅದೇ ಎಂಜಿನ್ ಭಾರತಕ್ಕೆ ಬಂದ ದಾರಿ ಕನ್ನಡ ನಾಡಿನ ಅಂಚಿನಲ್ಲಿ ಹಾದುಹೋಗುತ್ತದೆ. 1882ರಲ್ಲಿ ಸೋಲಾಪುರದಲ್ಲಿ ಹುಟ್ಟಿದ ವಾಲಚಂದ್ ಹೀರಾಚಂದ್ ಹಡಗು, ಕಟ್ಟಡ ನಿರ್ಮಾಣ, ಸಕ್ಕರೆ ಹೀಗೆ ಕೈಯಿಟ್ಟ ಕಡೆಯೆಲ್ಲ ಉದ್ಯಮ ಕಟ್ಟಿದವರು. ಭಾರತದಲ್ಲೇ ಕಾರು ತಯಾರಾಗಬೇಕೆಂಬ ಕನಸು ಅವರಿಗಿತ್ತು. ಅದೇ ಕನಸು ಕಂಡ ಇನ್ನೊಬ್ಬರು ಸರ್ ಎಂ. ವಿಶ್ವೇಶ್ವರಯ್ಯ. 1935ರಲ್ಲಿ ಯೂರೋಪು, ಅಮೆರಿಕಗಳ ಕಾರು ಕಾರ್ಖಾನೆಗಳನ್ನು ನೋಡಿ ಬಂದ ವಿಶ್ವೇಶ್ವರಯ್ಯನವರು ದೇಶದಲ್ಲಿ ಮೋಟಾರು ಕಾರ್ಖಾನೆ ಸ್ಥಾಪಿಸುವ ಯೋಜನೆಯನ್ನೇ ಬರೆದರು. ಮುಂಬಯಿಯ ಕಾಂಗ್ರೆಸ್ ಸರ್ಕಾರ ಮೊದಲು ಒಲವು ತೋರಿತು; 1939ರಲ್ಲಿ ಆ ಸರ್ಕಾರ ರಾಜೀನಾಮೆ ನೀಡಿತು. ಮುಂದೆ ಮೈಸೂರು ಸಂಸ್ಥಾನದಲ್ಲಿ ಕಾರ್ಖಾನೆ ತರುವ ಯತ್ನ ನಡೆಯಿತು. ಯುದ್ಧಕಾಲದಲ್ಲಿ ಬ್ರಿಟಿಷ್ ಸರ್ಕಾರದ ಸಹಕಾರ ಸಿಗದೆ ಅದೂ ನಿಂತುಹೋಯಿತು.

ಕಾರಿನ ಬದಲು ಬೆಂಗಳೂರಿಗೆ ಬಂದದ್ದು ವಿಮಾನ. 1940ರ ಡಿಸೆಂಬರಿನಲ್ಲಿ ಮೈಸೂರು ಸರ್ಕಾರದ ಪಾಲುಗಾರಿಕೆಯಲ್ಲಿ ವಾಲಚಂದ್ ಆರಂಭಿಸಿದ ಹಿಂದೂಸ್ತಾನ್ ವಿಮಾನ ಕಾರ್ಖಾನೆಯೇ ಇಂದಿನ ಎಚ್.ಎ.ಎಲ್. ಕಾರಿನ ಕನಸು ಕೈಗೂಡಿದ್ದು 1944ರಲ್ಲಿ, ಮುಂಬಯಿಯ ಪ್ರೀಮಿಯರ್ ಆಟೊಮೊಬೈಲ್ಸ್ ಮೂಲಕ. ಕುರ್ಲಾದ ಕಾರ್ಖಾನೆಯಲ್ಲಿ ಮೊದಲು ಜೋಡಿಸಿದ್ದು ಕ್ರೈಸ್ಲರ್ ಸಂಸ್ಥೆಯ ಅಮೆರಿಕನ್ ಗಾಡಿಗಳನ್ನು. ಹೊಟ್ಟೆಬಾಕ ಅಮೆರಿಕನ್ ಗಾಡಿಗಳು ನಮ್ಮ ಜೇಬಿಗೆ ಹೊಂದುವಂಥವಲ್ಲ ಎಂಬುದು ಸ್ಪಷ್ಟವಾದಾಗ, 1950ರ ದಶಕದ ಆರಂಭದಲ್ಲಿ ಫಿಯೆಟ್ ಜತೆ ಒಪ್ಪಂದವಾಯಿತು. ವಾಲಚಂದ್ 1953ರಲ್ಲಿ ತೀರಿಕೊಂಡರು. ಆ ವರ್ಷವೇ ಇಟಲಿಯಲ್ಲಿ ಹೊಸ ಮೈಯ ಫಿಯೆಟ್ 1100 ಹೊರಬಂತು. ಒಳಗಿದ್ದುದು ಮಾತ್ರ ಅದೇ 1089 ಸಿ.ಸಿ. ಎಂಜಿನ್. ಸ್ವಲ್ಪ ಕಾಲದಲ್ಲೇ ಅದು ಕುರ್ಲಾಕ್ಕೂ ಬಂತು. ಅದರ ಉಬ್ಬಿದ ಮೈ ಕಂಡು ಮುಂಬಯಿಯ ಜನ 'ಡುಕ್ಕರ್ ಫಿಯೆಟ್', ಅಂದರೆ ಹಂದಿ ಫಿಯೆಟ್, ಎಂದು ಕರೆದರು.

1956ರ ನವೆಂಬರ್ 1ರವರೆಗೆ ಬಾಗಲಕೋಟೆ, ಬಾದಾಮಿ, ಹುನಗುಂದ ಎಲ್ಲವೂ ಬಿಜಾಪುರ ಜಿಲ್ಲೆಯೊಂದಿಗೆ ಮುಂಬಯಿ ರಾಜ್ಯಕ್ಕೇ ಸೇರಿದ್ದವು. ಹತ್ತಿ ವ್ಯಾಪಾರಕ್ಕೆ, ಕೋರ್ಟಿನ ಕೆಲಸಕ್ಕೆ, ಗಿರಣಿಯ ನೌಕರಿಗೆ ಇಲ್ಲಿನವರ ಕಣ್ಣು ಮುಂಬಯಿಯ ಕಡೆಗೇ. ಮುಂಬಯಿಯ ಕಾರು ಈ ಭಾಗಕ್ಕೆ ಪರಕೀಯ ಎನಿಸಲೇ ಇಲ್ಲ.

ಐದು ದಶಕ, ಒಂದೇ ಎಂಜಿನ್

1964ರಲ್ಲಿ 'ಫಿಯೆಟ್ 1100 ಡಿಲೈಟ್' ಹೆಸರಿನಲ್ಲಿ ಬಂದ ಚೌಕ ಮೈಯ ಕಾರೇ ಮುಂದಿನ ಪದ್ಮಿನಿ. ಫಿಯೆಟ್ ಜತೆಗಿನ ಒಪ್ಪಂದ ಮುಗಿದ ಮೇಲೆ ಕೆಲಕಾಲ 'ಪ್ರೀಮಿಯರ್ ಪ್ರೆಸಿಡೆಂಟ್' ಆಗಿ, 1974ರಲ್ಲಿ ಚಿತ್ತೂರಿನ ರಾಣಿಯ ಹೆಸರು ಹೊತ್ತಿತು. ಸ್ಟೀರಿಂಗಿನ ಪಕ್ಕದಲ್ಲೇ ಗೇರು, ಮುಂದೆ ಮೂವರು ಒತ್ತಿ ಕೂರಬಹುದಾದ ಉದ್ದ ಸೀಟು, ನಲವತ್ತರ ಆಸುಪಾಸಿನ ಅಶ್ವಶಕ್ತಿ. ಹೆಸರು ಬದಲಾದರೂ ಜನರ ಬಾಯಲ್ಲಿ ಅದು ಕೊನೆಯವರೆಗೂ 'ಫಿಯೆಟ್' ಆಗಿಯೇ ಉಳಿಯಿತು.

ಇಟಲಿ 1969ರಲ್ಲೇ ಈ 1100ಕ್ಕೆ ವಿದಾಯ ಹೇಳಿ, ಮುಂದಿನ ಚಕ್ರಗಳನ್ನು ಎಂಜಿನ್ ತಿರುಗಿಸುವ ಹೊಸ ಬಗೆಯ ಫಿಯೆಟ್ 128ಕ್ಕೆ ಹಾರಿತು. ಅದನ್ನು ರೂಪಿಸಿದವರೂ ಜಾಕೋಸಾ ಅವರೇ. ಭಾರತದಲ್ಲಿ ಹಾಗಾಗಲಿಲ್ಲ. ಎಷ್ಟು ಕಾರು ಮಾಡಬೇಕು, ಯಾವ ಭಾಗ ಆಮದು ಮಾಡಬೇಕು ಎಂಬುದಕ್ಕೆಲ್ಲ ದೆಹಲಿಯ ಪರವಾನಗಿ ಬೇಕಿದ್ದ ಕಾಲ ಅದು. ಹೊರಗಿನ ಕಾರು ಬರುವಂತಿರಲಿಲ್ಲ. ಒಳಗೆ ಅಂಬಾಸಡರ್, ಫಿಯೆಟ್, ಸ್ಟ್ಯಾಂಡರ್ಡ್ ಎಂಬ ಮೂರೇ ಹೆಸರು. ಮುಂಗಡ ಕಟ್ಟಿ ವರ್ಷಗಟ್ಟಲೆ ಸರದಿಯಲ್ಲಿ ಕಾಯುವ ಗಿರಾಕಿ ಇರುವಾಗ ಕಾರನ್ನು ಸುಧಾರಿಸುವ ಅವಸರ ಯಾರಿಗಿತ್ತು? ಇಟಲಿಯಲ್ಲಿ ಈ ಎಂಜಿನ್ ಕುತೂಹಲಿಗಳ ಕೈಗೆ ಸಿಕ್ಕಿ ಪಂದ್ಯದ ಕಾರಾಯಿತು, ಪ್ರವಾಸದ ಕಾರಾಯಿತು, ಕಲಾಕೃತಿಯಾಯಿತು. ಇಲ್ಲಿ ಅದೇ ಎಂಜಿನ್ನಿನ ಸುತ್ತ ಬೇರೊಂದು ಮೈ ಕಟ್ಟಿ ನೋಡುವ ಧೈರ್ಯಕ್ಕೂ ಅವಕಾಶಕ್ಕೂ ಎಡೆ ಬಹಳ ಕಡಿಮೆಯಿತ್ತು.

ಹಾಗೆಂದು ಪದ್ಮಿನಿಯನ್ನು ಬರೀ ಆಲಸ್ಯದ ಕೂಸು ಎನ್ನುವುದು ನ್ಯಾಯವಲ್ಲ. ಬದಲಾಗದೆ ಉಳಿದದ್ದರಿಂದಲೇ ಅದು ಎಲ್ಲರಿಗೂ ಪರಿಚಿತವಾಯಿತು. ಪುಸ್ತಕ ಓದದ ಮಿಸ್ತ್ರಿಯೂ ಅದರ ಕಾರ್ಬುರೇಟರನ್ನು ಕಣ್ಣುಮುಚ್ಚಿ ಬಿಚ್ಚಿ ಕೂಡಿಸಬಲ್ಲವನಾದ. ರಸ್ತೆಯ ನಡುವೆ ನಿಂತರೆ ಸ್ಪ್ಯಾನರು, ಸ್ಕ್ರೂಡ್ರೈವರು, ತಂತಿಯ ತುಂಡು ಇವಿಷ್ಟರಲ್ಲಿ ಮತ್ತೆ ಹೊರಡುತ್ತಿತ್ತು. ಒಂದು ಪೀಳಿಗೆಯ ಮೆಕ್ಯಾನಿಕ್‌ಗಳಿಗೆ ಅದೇ ಶಾಲೆ, ಅದೇ ಪಠ್ಯ.

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದಾಗ ಪದ್ಮಿನಿಯ ವಯಸ್ಸು ಎದ್ದು ಕಂಡಿತು. 1991ರ ಉದಾರೀಕರಣದ ಬಳಿಕ ಪರದೇಶದ ಕಾರುಗಳು ಸಾಲುಗಟ್ಟಿದವು. 2000ದ ಹೊತ್ತಿಗೆ ಪದ್ಮಿನಿಯ ತಯಾರಿಕೆ ನಿಂತಿತು. 1937ರಲ್ಲಿ ಹುಟ್ಟಿದ ಎಂಜಿನ್ ಆರು ದಶಕ ದಾಟಿ ಬದುಕಿತ್ತು. ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿಗಳಿಗೆ 20 ವರ್ಷದ ಮಿತಿ ಇದ್ದುದರಿಂದ, 2003ರಲ್ಲಿ ನೋಂದಣಿಯಾದ ಕೊನೆಯ ಪದ್ಮಿನಿ ಟ್ಯಾಕ್ಸಿಯ ಅವಧಿ 2023ರ ಅಕ್ಟೋಬರಿನಲ್ಲಿ ಮುಗಿಯಿತು. ವಿಪರ್ಯಾಸವೆಂದರೆ, ಅಷ್ಟರಲ್ಲಿ ಚಿಸಿತಾಲಿಯಾಕ್ಕೆ ಮೈ ಕೊಟ್ಟ ಪಿನಿನ್‌ಫಾರಿನಾ ಸಂಸ್ಥೆಯೇ ಭಾರತದ ಮಹೀಂದ್ರ ಸಮೂಹದ ಕೈಗೆ ಬಂದಿತ್ತು. ಅದರ ಒಪ್ಪಂದವಾದದ್ದು 2015ರ ಡಿಸೆಂಬರಿನಲ್ಲಿ.

ಯಾವುದನ್ನು ಉಳಿಸಬೇಕು?

ಅಪರೂಪದ್ದನ್ನು ಜನ ತಾವಾಗಿಯೇ ಜೋಪಾನ ಮಾಡುತ್ತಾರೆ. 170 ಚಿಸಿತಾಲಿಯಾಗಳಲ್ಲಿ ಒಂದು ಹಾಳಾದರೂ ಅದು ಸುದ್ದಿ. ಎಲ್ಲೆಂದರಲ್ಲಿ ಕಾಣುತ್ತಿದ್ದ ವಸ್ತುವಿನ ಪಾಡು ಹಾಗಲ್ಲ. ಎಲ್ಲರ ಬಳಿ ಇದ್ದುದರಿಂದಲೇ ಯಾರೂ ಅದನ್ನು ಎತ್ತಿಡುವುದಿಲ್ಲ. ಒಂದು ದಿನ ನೋಡಿದರೆ ಒಂದೂ ಉಳಿದಿರುವುದಿಲ್ಲ. ರಾಜಮಹಾರಾಜರ ಕಾರುಗಳಿಗೆ ನಮ್ಮಲ್ಲಿ ಸಂಗ್ರಾಹಕರಿದ್ದಾರೆ. ಧರ್ಮಸ್ಥಳದ ಕಾರು ಸಂಗ್ರಹವನ್ನು ಯಾತ್ರಿಕರು ಕುತೂಹಲದಿಂದ ನೋಡುತ್ತಾರೆ. ಮಾಸ್ತರರು, ವಕೀಲರು, ಡಾಕ್ಟರರು, ಬಾಡಿಗೆ ಚಾಲಕರು ಓಡಿಸಿದ ಕಾರಿಗೂ ಚರಿತ್ರೆಯಲ್ಲಿ ಜಾಗ ಬೇಡವೇ?

ಕಾನೂನು ಈಗ ಒಂದು ಬಾಗಿಲು ತೆರೆದಿದೆ. 2021ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ನಿಯಮದಂತೆ 50 ವರ್ಷ ದಾಟಿದ, ಮೂಲ ರೂಪ ಕೆಡದ ಖಾಸಗಿ ವಾಹನಗಳನ್ನು 'ವಿಂಟೇಜ್' ಎಂದು ನೋಂದಾಯಿಸಿ 'ವಿಎ' ಅಕ್ಷರಗಳ ವಿಶೇಷ ಸಂಖ್ಯೆ ಪಡೆಯಬಹುದು. ಅವು ನಿತ್ಯದ ಓಡಾಟಕ್ಕಲ್ಲ. ಪ್ರದರ್ಶನ, ಮೆರವಣಿಗೆ ಮುಂತಾದವಕ್ಕೆ ಮಾತ್ರ. ಡಿಲೈಟ್ ಕಾರುಗಳು ಆ ವಯಸ್ಸು ದಾಟಿವೆ. ಮೊದಲ ಪದ್ಮಿನಿಗಳೂ ಆ ಗೆರೆ ಮುಟ್ಟಿವೆ. ಯಾವುದೋ ವಾಡೆಯ ಕಟ್ಟೆಯ ಪಕ್ಕದಲ್ಲಿ ತಾಡಪತ್ರಿ ಹೊದ್ದು, ಟೈರು ಕುಸಿದು ನಿಂತಿರುವ ಗಾಡಿಯನ್ನು ಗುಜರಿಯವನಿಗೆ ತೂಕಕ್ಕೆ ಹಾಕುವ ಮುನ್ನ ಮನೆಯವರು ಒಮ್ಮೆ ಯೋಚಿಸಲು ಇಷ್ಟು ಕಾರಣ ಸಾಕು.

ಆಲಮಟ್ಟಿಯ ಹಿನ್ನೀರು ಏರಿ ಹಳೆಯ ಬಾಗಲಕೋಟೆಯ ಓಣಿಗಳನ್ನು ಬಿಟ್ಟು ನವನಗರದ ಸೆಕ್ಟರುಗಳಿಗೆ ಬಂದವರಿಗೆ ಈ ಪ್ರಶ್ನೆಯನ್ನು ವಿವರಿಸಿ ಹೇಳಬೇಕಾಗಿಲ್ಲ. ಏನನ್ನು ಹೊತ್ತು ತರಬೇಕು, ಏನನ್ನು ಬಿಟ್ಟು ಬರಬೇಕು ಎಂಬ ಲೆಕ್ಕವನ್ನು ಅವರು ಮನೆಯಂಗಳದಲ್ಲೇ ನಿಂತು ಹಾಕಿದವರು. ಬಾಗಿಲ ಚೌಕಟ್ಟು, ಕಂಬ, ಬೀಸುವ ಕಲ್ಲುಗಳನ್ನು ತಂದವರು ಅವುಗಳ ಬೆಲೆ ನೋಡಿ ತಂದದ್ದಲ್ಲ. ಇಟಲಿಯವರು ತಮ್ಮ 1089 ಸಿ.ಸಿ. ಎಂಜಿನ್ನಿನ ಅತ್ಯಂತ ಚೆಲುವಾದ ರೂಪವನ್ನು ಉಳಿಸಿಕೊಂಡರು. ಅದೇ ಎಂಜಿನ್ನಿನ ಅತ್ಯಂತ ದುಡಿದ ರೂಪ ನಮ್ಮದು. ಅದನ್ನು ಉಳಿಸಿಕೊಳ್ಳುವ ಕೆಲಸವನ್ನು ಬೇರೆ ಯಾರೂ ಬಂದು ಮಾಡುವುದಿಲ್ಲ.